ಉಪದೇಶಿಗಳು ಬಿಟ್ಟ ಸಾಲು

ಇಳಕಲ್ಲಿನ ನಮ್ಮ ಪ್ರಾರ್ಥನಾ ಮಂದಿರದಲ್ಲಿ ಒಂದು ರೂಢಿ ಇತ್ತು. ಮುಂದೆ ನಿಂತವರು ಒಂದು ಸಾಲು ಹೇಳಬೇಕು, ಉಳಿದವರೆಲ್ಲ ಅದನ್ನೇ ತಿರುಗಿ ಹೇಳಬೇಕು. ಹಾಡಾಗಲಿ, ಪ್ರಾರ್ಥನೆಯಾಗಲಿ, ಎಲ್ಲವೂ ಹಾಗೆಯೇ. ಓದು ಬಾರದ ನೇಕಾರರೇ ಸಭೆಯಲ್ಲಿ ಹೆಚ್ಚಾಗಿದ್ದ ಕಾಲದಲ್ಲಿ ಯಾರೋ ಹಾಕಿಕೊಟ್ಟ ದಾರಿ ಅದು. ನಾನು ಮದುವೆಯಾಗಿ ಈ ಊರಿಗೆ ಬರುವ ಹೊತ್ತಿಗೆ ಅರ್ಧಕ್ಕಿಂತ ಹೆಚ್ಚು ಜನ ಓದು ಬಲ್ಲವರೇ ಆಗಿದ್ದರು. ಆದರೂ ಯೇಸು ಕಲಿಸಿದ ಕರ್ತನ ಪ್ರಾರ್ಥನೆಯನ್ನು, ನಿದ್ದೆಯಿಂದ ಎಬ್ಬಿಸಿ ಕೇಳಿದರೂ ಹೇಳಬಲ್ಲ ಆ ನಾಲ್ಕಾರು ಸಾಲುಗಳನ್ನು, ಒಬ್ಬರ ಬೆನ್ನ ಹಿಂದೆ ಒಂದೊಂದಾಗಿ ಹೇಳುತ್ತಿದ್ದರು.

ನಾನು ಹುಟ್ಟಿದ್ದು ಹಳೇ ಬಾಗಲಕೋಟೆಯಲ್ಲಿ. ಅಲ್ಲಿ ಎಲ್ಲರೂ ಒಟ್ಟಿಗೆ ಹೇಳುತ್ತಿದ್ದೆವು. ಇಲ್ಲಿಯ ಮೊದಲ ಭಾನುವಾರ ಮುಗಿಸಿ ಮನೆಗೆ ಬರುವಾಗ, ಇದೇನು ಬಾಲವಾಡಿಯೇ ಎಂದು ಗಂಡನನ್ನು ಕೇಳಿದ್ದೆ. ಅವರು ನಕ್ಕರು. ಎರಡು ವರ್ಷ ಕಳೆಯುವುದರೊಳಗೆ ನಾನೂ ಕಣ್ಣು ಮುಚ್ಚಿ, ಮುಂದಿನ ಸಾಲು ಬರಲಿ ಎಂದು ಕಾಯುವವಳಾಗಿದ್ದೆ. ಸರಕಾರಿ ಶಾಲೆಯಲ್ಲಿ ಅರವತ್ತು ಮಕ್ಕಳನ್ನು ಗದರಿಸಿ ಕೂರಿಸುವ ನಾನು ಭಾನುವಾರ ಮಾತ್ರ ಬಾಲವಾಡಿಯ ಕೂಸು.

ಮುಂದೆ ನಿಲ್ಲುತ್ತಿದ್ದವರು ಉಪದೇಶಿಗಳು. ದೀಕ್ಷೆ ಪಡೆದ ಅಯ್ಯನವರು ಬಾಗಲಕೋಟೆಯಲ್ಲಿದ್ದರು. ತಿಂಗಳ ಮೊದಲ ಭಾನುವಾರ ನಮಗೆ, ಎರಡನೆಯದು ಬಾದಾಮಿಗೆ, ಮೂರನೆಯದು ಗುಳೇದಗುಡ್ಡಕ್ಕೆ ಎಂದು ಬಸ್ಸಿನಲ್ಲಿ ಸುತ್ತುತ್ತಿದ್ದರು. ಉಳಿದ ಭಾನುವಾರಗಳೆಲ್ಲ ಉಪದೇಶಿಗಳ ಪಾಲಿಗೆ. ಅವರು ಅರವತ್ತು ದಾಟಿದ ಕೈಮಗ್ಗದ ನೇಕಾರ. ಆರು ದಿನ ಮಗ್ಗದ ಕುಣಿಯಲ್ಲಿ ಕಾಲಿಳಿಸಿ ಸೀರೆ ನೇಯುವುದು, ಏಳನೆಯ ದಿನ ಇಸ್ತ್ರಿ ಮಾಡಿದ ಬಿಳಿ ಅಂಗಿ ತೊಟ್ಟು ನಮ್ಮ ಮುಂದೆ ನಿಲ್ಲುವುದು. ಮಗ್ಗದ ಸದ್ದಿನಲ್ಲಿ ಮಾತಾಡಿ ಮಾತಾಡಿ ದನಿ ದೊಡ್ಡದಾಗಿತ್ತು. ಬೈಬಲಿನ ಯಾವ ಭಾಗ ಓದಿದರೂ ಕೊನೆಗೆ ಅವರು ಬಂದು ನಿಲ್ಲುತ್ತಿದ್ದುದು ಶಿಷ್ಯರ ಹತ್ತಿರ. ಹಿಂದೆ ನಡೆಯುವವನು ಮುಂದಿನವನ ಬೆನ್ನು ನೋಡಬಾರದು, ಕಾಲು ನೋಡಬೇಕು, ಎಲ್ಲಿ ಎಡವುತ್ತಾನೆ ಎಂಬುದು ಆಗ ತಿಳಿಯುತ್ತದೆ ಎನ್ನುತ್ತಿದ್ದರು. ನಾವು ತಲೆ ಆಡಿಸುತ್ತಿದ್ದೆವು. ಅವರೆಂದರೆ ನನಗೆ ಬಲು ಪ್ರೀತಿ. ಕೆಲವು ಸಲ ನನ್ನ ತಂದೆಗಿಂತ ಹೆಚ್ಚು ಎನಿಸಿ ನಾಚಿಕೆಯೂ ಆಗುತ್ತಿತ್ತು.

ಹಳೇ ಬಾಗಲಕೋಟೆಗೆ ಅಣೆಕಟ್ಟಿನ ಹಿನ್ನೀರು ಬಂದು, ನನ್ನ ತವರಿನವರು ಹೊಸದಾಗಿ ಕಟ್ಟಿದ ನವನಗರಕ್ಕೆ ಹೋಗಿ ಮೂರನೆಯ ವರ್ಷ ಅದು. ನವೆಂಬರ್ ತಿಂಗಳು. ಸಭೆಗೆ ಮುಂಚೆ ನಾನು ಮಕ್ಕಳ ತರಗತಿ ನಡೆಸುತ್ತಿದ್ದೆ, ಹನ್ನೊಂದು ಮಕ್ಕಳಿದ್ದವು. ಕ್ರಿಸ್‌ಮಸ್ ಕಾರ್ಯಕ್ರಮಕ್ಕೆ ಒಬ್ಬೊಬ್ಬರಾಗಿ ಕರ್ತನ ಪ್ರಾರ್ಥನೆ ಹೇಳಿ ಎಂದೆ. ಎಂಟು ವರ್ಷದ ಹುಡುಗಿಯೊಬ್ಬಳು ಎದ್ದು ಚೆಂದಾಗಿ ಹೇಳಿದಳು. ಅಂದಂದಿನ ಅನ್ನ ಕೇಳುವ ಸಾಲು ಹೇಳಿದಳು, ಅಲ್ಲಿಂದ ನೇರವಾಗಿ, ಕೆಡುಕಿನ ಸೆಳೆತದಿಂದ ಕಾಪಾಡು ಎನ್ನುವ ಶೋಧನೆಯ ಸಾಲಿಗೆ ಹಾರಿದಳು. ನಡುವೆ ಕ್ಷಮೆಯ ಸಾಲೊಂದಿದೆ. ನಾವು ಇತರರ ತಪ್ಪನ್ನು ಕ್ಷಮಿಸಿದ ಹಾಗೆ ನಮ್ಮದನ್ನೂ ಕ್ಷಮಿಸು ಎಂದು ಕೇಳುವ ಸಾಲು. ಅದು ಇರಲಿಲ್ಲ. ನೀನು ಒಂದು ಸಾಲು ಬಿಟ್ಟೆ ಎಂದೆ. ಇಲ್ಲ ಎಂದಳು. ಪಕ್ಕದವನನ್ನು ಎಬ್ಬಿಸಿದೆ, ಅವನೂ ಬಿಟ್ಟ. ಹನ್ನೊಂದು ಮಕ್ಕಳೂ ಅದೇ ಜಾಗದಲ್ಲಿ ಅದೇ ಸಾಲು ಬಿಟ್ಟರು. ನನಗೆ ಸಿಟ್ಟು ನೆತ್ತಿಗೇರಿತು. ಹೀಗೆ ಯಾರು ಕಲಿಸಿದರು ಎಂದು ದನಿ ಏರಿಸಿ ಕೇಳಿದೆ.

“ಉಪದೇಶಿ ಅಜ್ಜಾರು ಹಿಂಗ ಹೇಳತಾರಲ್ರೀ ಅಕ್ಕೋರ,” ಅಂದಳು ಆ ಹುಡುಗಿ. “ನೀವೂ ಹಿಂಗ ಹೇಳತೀರಿ.”

ಆ ದಿನ ಸಭೆಯಲ್ಲಿ ನಾನು ಕಣ್ಣು ಮುಚ್ಚಲಿಲ್ಲ. ಉಪದೇಶಿಗಳು ಅನ್ನದ ಸಾಲು ಹೇಳಿದರು, ನಾವು ಹೇಳಿದೆವು. ಅವರು ನಿಂತರು. ಒಮ್ಮೆ ಕೆಮ್ಮಿದರು. ನಾಲ್ಕೈದು ಉಸಿರಿನಷ್ಟು ಹೊತ್ತು ಮಂದಿರದಲ್ಲಿ ಏನೂ ಇಲ್ಲ, ಪಕ್ಕದ ಓಣಿಯ ವಿದ್ಯುತ್ ಮಗ್ಗದ ಸದ್ದು ಮಾತ್ರ. ಆಮೇಲೆ ಶೋಧನೆಯ ಸಾಲು ಹೇಳಿದರು. ನಲವತ್ತು ಜನ ಅವರ ಹಿಂದೆ ಅದನ್ನೇ ಹೇಳಿದರು. ಕಿವಿ ನಿಮಿರಿಸಿಕೊಂಡು ಕೂತಿದ್ದ ನನ್ನ ಬಾಯಿಯೂ ಅದನ್ನೇ ಹೇಳಿಬಿಟ್ಟಿತ್ತು.

ಎಷ್ಟು ದಿನದಿಂದ ಹೀಗೆ ನಡೆದಿದೆ ಎಂದು ಲೆಕ್ಕ ಹಾಕಲು ನೋಡಿದೆ, ಆಗಲಿಲ್ಲ. ಗಂಡನನ್ನು ಕೇಳಿದರೆ, ಹೌದೇ, ಬಿಡುತ್ತಾರೆಯೇ ಎಂದರು. ನನ್ನ ಹತ್ತಿರ ಕೂರುವ ಹೆಂಗಸರನ್ನು ಮೆಲ್ಲಗೆ ಕೇಳಿದೆ. ಒಬ್ಬರು, ಅವರು ಬಿಟ್ಟಿದ್ದರೆ ಏನೋ ಕಾರಣ ಇರಬೇಕು ಎಂದರು. ಇನ್ನೊಬ್ಬರಿಗೆ ಅಂಥ ಸಾಲೊಂದು ಇತ್ತು ಎಂಬುದೇ ನೆನಪಿಗೆ ಬರಲಿಲ್ಲ. ಮುಂದಿನ ತರಗತಿಯಲ್ಲಿ ಮಕ್ಕಳಿಗೆ ಆ ಸಾಲು ಕಲಿಸಿದೆ. ಯಾವುದು ಸರಿ ಎಂದು ಅವು ಕೇಳಿದವು. ಇಲ್ಲಿ ಹೀಗೆ ಹೇಳಿ, ಸಭೆಯಲ್ಲಿ ಅಜ್ಜನ ಹಿಂದೆ ಹೇಳಿ ಎಂದೆ. ಅಂಥ ಉತ್ತರವನ್ನು ಮಗ್ಗಿಯ ವಿಷಯದಲ್ಲಿ ಕೊಟ್ಟಿದ್ದರೆ ನನ್ನ ನೌಕರಿ ಉಳಿಯುತ್ತಿರಲಿಲ್ಲ.

ವಯಸ್ಸಿನ ಮರೆವು ಇರಬಹುದು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆಗೆಲ್ಲ ಶನಿವಾರ ಮಧ್ಯಾಹ್ನ ಶಾಲೆ ಬಿಟ್ಟ ಮೇಲೆ ನಾನು ಅವರ ಮನೆಗೆ ಹೋಗುತ್ತಿದ್ದೆ. ಇಳಕಲ್ ಸೀರೆಯ ಒಡಲಿನ ನೂಲು ಬೇರೆ, ಸೆರಗಿನ ರೇಷ್ಮೆ ಬೇರೆ. ಎರಡನ್ನೂ ಎಳೆಗೆ ಎಳೆ ಕೊಂಡಿ ಹಾಕಿ ಕೂಡಿಸಬೇಕು. ಒಬ್ಬರು ಎಳೆ ಆರಿಸಿ ಕೊಡಬೇಕು, ಇನ್ನೊಬ್ಬರು ಕೂಡಿಸಬೇಕು. ಕೊಡುವ ಕೆಲಸ ಮೊದಲೆಲ್ಲ ಅವರ ಹೆಂಡತಿಯದಾಗಿತ್ತು. ಆಕೆಗೆ ಕಣ್ಣಿನ ಪೊರೆ ಬಂದ ಮೇಲೆ ನಾನು ಕೂರುತ್ತಿದ್ದೆ. ಆ ಶನಿವಾರ ಉಪದೇಶಿಗಳು ನೂಲು ತರಲು ಪೇಟೆಗೆ ಹೋಗಿದ್ದರು. ಅಜ್ಜಿಯ ಹತ್ತಿರ ಕೂತು, ಅಜ್ಜನಿಗೆ ಮರೆವು ಶುರುವಾಗಿದೆಯೇ ಎಂದು ಕೇಳಿದೆ. ಆಕೆ ಬೆಳ್ಳುಳ್ಳಿ ಸುಲಿಯುವ ಕೈ ನಿಲ್ಲಿಸಿದಳು. ಮರೆವು ಬಂದಿದ್ದರೆ ಚೆನ್ನಾಗಿತ್ತು ಎಂದು ಶುರು ಮಾಡಿ, ಒಂದೊಂದಾಗಿ ಎಲ್ಲ ಹೇಳಿದಳು.

ಉಪದೇಶಿಗಳ ತಾಯಿಯ ಸಮಾಧಿ ಹಳೇ ಬಾಗಲಕೋಟೆಯಲ್ಲಿತ್ತು. ಅದರ ಮೇಲಿನ ಕೆಂಪು ಕಲ್ಲನ್ನು ಇವರೇ ಇಳಕಲ್ಲಿನಿಂದ ಕೆತ್ತಿಸಿ ಕಳಿಸಿದ್ದರು. ಆ ಊರಲ್ಲಿ ಇವರ ತಮ್ಮ ಇದ್ದ. ಅಣ್ಣನೇ ಎತ್ತಿ ಆಡಿಸಿ, ಓದಿಸಿ, ಪ್ರಾರ್ಥನೆ ಕಲಿಸಿದ ತಮ್ಮ. ಹಿನ್ನೀರು ಬರುತ್ತದೆ ಎಂದಾದಾಗ ಬೇಕಾದವರು ತಮ್ಮ ಹಿರಿಯರ ಎಲುಬುಗಳನ್ನು ತೆಗೆದು ಹೊಸ ಜಾಗಕ್ಕೆ ಒಯ್ದರು. ಉಪದೇಶಿಗಳಿಗೆ ಅದನ್ನು ನಿಂತು ನೋಡುವ ಧೈರ್ಯವಾಗಲಿಲ್ಲ. ಅವ್ವನನ್ನು ನೀನು ಒಯ್ಯಿ ಎಂದು ತಮ್ಮನಿಗೆ ಹೇಳಿ ಕಳಿಸಿದರು. ಒಯ್ದೆ ಎಂದು ತಮ್ಮ ಹೇಳಿದ. ನವನಗರದಲ್ಲಿ ಅದೇ ಕೆಂಪು ಕಲ್ಲು ನೆಟ್ಟಿತ್ತು. ಎರಡು ಈಸ್ಟರ್ ಇವರು ಅಲ್ಲಿಗೆ ಹೋಗಿ ಮೊಣಕಾಲೂರಿ, ಹೂವಿಟ್ಟು ಬಂದರು. ಎರಡನೆಯ ಈಸ್ಟರ್ ಆದ ಸ್ವಲ್ಪ ದಿನಕ್ಕೆ ಒಂದು ಮದುವೆಯಲ್ಲಿ ಆ ಕಲ್ಲು ಹೊತ್ತು ತಂದ ಟ್ರ್ಯಾಕ್ಟರಿನವನು ಸಿಕ್ಕ. ಕಲ್ಲು ಎಷ್ಟು ಭಾರ ಇತ್ತು ಎಂದು ಹೆಚ್ಚುಗಾರಿಕೆ ಹೇಳಿಕೊಂಡ. ಜೊತೆಗೆ ಏನೇನು ತಂದೆ ಎಂದು ಇವರು ಕೇಳಿದರು. ಬರೀ ಕಲ್ಲು ಎಂದ ಅವನು. ಅಷ್ಟರಲ್ಲಿ ಹಳೆಯ ಜಾಗದ ಮೇಲೆ ನೀರು ನಿಂತು ಬಹಳ ದಿನವಾಗಿತ್ತು. ಅಣ್ಣ ಹೋಗಿ ಕೇಳಿದ್ದಕ್ಕೆ, ಅಗೆಯಲು ಕೈ ಬರಲಿಲ್ಲ, ಹೇಳಲು ಬಾಯಿ ಬರಲಿಲ್ಲ ಎಂದನಂತೆ ತಮ್ಮ. ಅಂದಿನಿಂದ ಇಬ್ಬರಿಗೂ ಮಾತಿಲ್ಲ.

ಕೇಳಿ ನನಗೆ ಎಲ್ಲ ಗೋಜಲಾಯಿತು. ಸತ್ತವರು ಮಣ್ಣಿನಲ್ಲಿಲ್ಲ ಎಂದು ಎಷ್ಟೋ ಶವಸಂಸ್ಕಾರಗಳಲ್ಲಿ ನಿಂತು ಹೇಳಿದವರು ಇವರೇ. ಹಾಗಿದ್ದ ಮೇಲೆ ಬರೀ ಕಲ್ಲಾದರೇನು? ಆದರೆ ಬರೀ ಕಲ್ಲಿನ ಮುಂದೆ ಎರಡು ವರ್ಷ ಮೊಣಕಾಲೂರಿಸಿದ ತಮ್ಮನ ಮೇಲೆ ನನಗೂ ಸಿಟ್ಟು ಬಂತು. ಮುಳುಗುವ ಮನೆಯಿಂದ ಬಾಗಿಲ ಚೌಕಟ್ಟು ಕಿತ್ತು ತಂದ ನನ್ನ ತಂದೆ, ಅದನ್ನು ಹೊಸ ಮನೆಗೆ ಕೂರಿಸಲಾಗದೆ ಗೋಡೆಗೆ ಒರಗಿಸಿ ಇಟ್ಟಿದ್ದು ನೆನಪಾಗಿ, ಆ ತಮ್ಮನ ಮೇಲೆ ಕನಿಕರವೂ ಬಂತು. ಒಂದೇ ಮಧ್ಯಾಹ್ನದಲ್ಲಿ ಇಬ್ಬರ ಪರವಾಗಿಯೂ ನಿಂತು ಬಿಟ್ಟಿದ್ದೆ.

ಮರುದಿನ ತಿಂಗಳ ಮೊದಲ ಭಾನುವಾರ. ಅಯ್ಯನವರು ಬಂದು ಮುಂದೆ ನಿಂತರು, ಉಪದೇಶಿಗಳು ಗಂಡಸರ ಮೊದಲ ಸಾಲಿನಲ್ಲಿದ್ದರು. ನಾನು ಅವರನ್ನು ಓರೆಗಣ್ಣಿನಿಂದ ನೋಡುತ್ತಲೇ ಇದ್ದೆ. ಅಯ್ಯನವರು ಕ್ಷಮೆಯ ಸಾಲನ್ನು ಹೇಳಿದರು, ಮಂದಿರವೆಲ್ಲ ಅದನ್ನು ಹೇಳಿತು, ಉಪದೇಶಿಗಳ ತುಟಿ ಮಾತ್ರ ಮುಚ್ಚಿತ್ತು. ಇದು ಮರೆವಲ್ಲ ಎಂಬುದು ಖಚಿತವಾಯಿತು. ಅಯ್ಯನವರು ಬಂದ ದಿನ ಹೇಳುವುದು, ಉಪದೇಶಿಗಳು ನಿಂತ ದಿನ ಬಿಡುವುದು, ಎರಡರಲ್ಲಿ ಯಾವುದೂ ನಮಗೆ ವಿಚಿತ್ರ ಎನಿಸಿರಲಿಲ್ಲ. ಯಾರು ಮುಂದಿದ್ದರೋ ಅವರ ಹಿಂದೆ ಹೋಗುತ್ತಿದ್ದೆವು.

ಸಭೆ ಮುಗಿಸಿ ನಾನು ತವರಿಗೆ ಹೊರಟಿದ್ದೆ. ಅದೇ ಬಸ್ಸಿಗೆ ಅಯ್ಯನವರೂ ಹತ್ತಿದರು. ಹುನಗುಂದ ಬರುವವರೆಗೆ ಬಾಯಿ ಬಿಗಿಹಿಡಿದೆ. ಎಲ್ಲವನ್ನೂ ಹೇಳಿದರೆ ಉಪದೇಶಿಗಳನ್ನು ಮುಂದೆ ನಿಲ್ಲದಂತೆ ಮಾಡುತ್ತಾರೆ ಎಂಬ ಹೆದರಿಕೆ ಇತ್ತು. ನಲವತ್ತು ವರ್ಷ ನಿಂತ ಜಾಗ ತಪ್ಪಿದರೆ ಆ ಮನುಷ್ಯ ಉಳಿಯುವುದು ಕಷ್ಟ. ಕೊನೆಗೆ, ಮುಂದೆ ನಡೆಯುವವರು ಒಂದು ಕಡೆ ನಿಂತುಬಿಟ್ಟರೆ ಹಿಂದಿನವರು ಏನು ಮಾಡಬೇಕು ಎಂದು ಯಾರದೋ ಮಾತಿನಂತೆ ಕೇಳಿದೆ. ಮನುಷ್ಯರನ್ನು ನೋಡಬಾರದಮ್ಮ, ಕರ್ತನನ್ನು ನೋಡಿ ನಡೆಯಬೇಕು ಎಂದು ಹೇಳಿ, ಕಿಟಕಿಗೆ ತಲೆ ಕೊಟ್ಟು ಅಯ್ಯನವರು ನಿದ್ದೆ ಹೋದರು. ಮಾತು ಸರಿಯೇ. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಬಂದು ಹೋಗುವವರಿಗೆ ಅದು ಸಲೀಸು. ಎದುರಿಗೆ ನಿಂತ ಮನುಷ್ಯ ಒಂದೇ ಕಡೆ ತಡೆದು ನಿಲ್ಲುವುದು ವಾರ ವಾರ ಕಾಣುವವರು ಅವನನ್ನು ನೋಡದೆ ಹೇಗೆ ನಡೆಯಬೇಕು ಎಂಬುದು ಬಾಗಲಕೋಟೆ ಬಂದರೂ ನನಗೆ ಹೊಳೆಯಲಿಲ್ಲ.

ಮುಂದಿನ ಶನಿವಾರ ಕೊಂಡಿ ಹಾಕಲು ಕೂತಾಗ ನೇರವಾಗಿ ಕೇಳಿಬಿಟ್ಟೆ. ಸುತ್ತಿ ಬಳಸಿ ಕೇಳಿ ಬಸ್ಸಿನಲ್ಲಿ ಏನೂ ಸಿಕ್ಕಿರಲಿಲ್ಲ.

“ಅಜ್ಜಾರ, ಆ ಸಾಲು ಯಾಕ ಬಿಡ್ತೀರಿ?”

ಅವರ ಬೆರಳು ನಿಲ್ಲಲಿಲ್ಲ. “ನಾ ಎಲ್ಲಿ ಬಿಡ್ತೇನಿ ಯವ್ವಾ? ನಾ ಅಲ್ಲಿ ನಿಲ್ತೇನಿ.”

“ನಿಂತು ಏನ ಮಾಡ್ತೀರಿ?”

“ದಾರಿ ನೋಡ್ತೇನಿ. ಕ್ಷಮಾ ಮಾಡೇನಿ ಅಂತ ಹೇಳೂ ಸಾಲು ಅದು. ಮಾಡದ ಹೆಂಗ ಹೇಳ್ಲಿ, ಅದೂ ನಿಮ್ಮನ್ನೆಲ್ಲಾ ಹಿಂದ ಇಟಗೊಂಡು? ನಿಮಗ ಬರತೈತಲ್ಲ. ಅಜ್ಜ ಸಿಕ್ಕೊಂಡಾನ ಅಂತ ಕಂಡು ನೀವು ಯಾರರ ಒಬ್ಬರು ಹೇಳಿದ್ರ, ನಾ ಅವರ ಹಿಂದ ಹೇಳಬೇಕಂತ ಮಾಡಿದ್ದೆ. ಎಂಟ ತಿಂಗಳಾತು, ಒಬ್ಬರೂ ಬಾಯಿ ಬಿಡವಲ್ರಿ.”

ನನ್ನ ಕೈಯ ಎಳೆ ಜಾರಿತು. ನಾವು ನಿಮ್ಮ ದಾರಿಯನ್ನೇ ನೋಡುತ್ತಿದ್ದೆವು ಎಂದೆ. ಅಯ್ಯನವರು ಹೇಳಿದ ದಿನ ನೀವು ಹೇಳಲಿಲ್ಲವಲ್ಲ ಎಂದೂ ಕೇಳಿದೆ. ಅಯ್ಯನವರು ಎಲ್ಲ ಸಾಲನ್ನೂ ಹೇಳುತ್ತಾರೆ, ನಾನು ನಿಂತದ್ದು ಕಂಡು ಹೇಳಿದ್ದಲ್ಲ ಅದು ಎಂದರು. ಆಮೇಲೆ ನನ್ನ ಮುಖ ನೋಡಿದರು. ಅವರು ಸಿಟ್ಟಾದದ್ದನ್ನು ನಾನು ಕಂಡದ್ದು ಅದೊಂದೇ ಸಲ.

“ಹಂಗಾರ ಇಷ್ಟ ವರ್ಷ ನಿಮಗ ನಾ ಏನ ಕಲಿಸಿದೆ?”

ಹಿಂದೆ ನಡೆಯುವುದನ್ನು ಕಲಿಸಿದರು, ನಾವು ಕಲಿತೆವು. ಅವರು ಹೇಳಿದ್ದನ್ನೆಲ್ಲ ಹೇಳಿದೆವು, ಬಿಟ್ಟದ್ದನ್ನೆಲ್ಲ ಬಿಟ್ಟೆವು. ಅವರು ಕೆಮ್ಮಿದ್ದನ್ನು ಮಾತ್ರ ತಿರುಗಿ ಕೆಮ್ಮಲಿಲ್ಲ, ಅಷ್ಟೇ. ಎಂಟು ತಿಂಗಳು ಅವರು ನಮಗಾಗಿ ಕಾದಿದ್ದಾರೆ, ನಾವು ಅವರಿಗಾಗಿ ಕಾದಿದ್ದೇವೆ. ಮನೆಗೆ ಬಂದು ರೊಟ್ಟಿ ಬಡಿಯುವಾಗ ಅಳು ಬಂತು. ಯಾರಿಗಾಗಿ ಅಳುತ್ತಿದ್ದೇನೆ ಎಂಬುದು ತಿಳಿಯಲಿಲ್ಲ.

ಮರುದಿನ ಹೇಳಬೇಕೆಂದು ನಿರ್ಧಾರ ಮಾಡಿಕೊಂಡೇ ಹೋದೆ. ಅನ್ನದ ಸಾಲು ಬಂತು. ಅವರು ನಿಂತರು. ಕೆಮ್ಮಿದರು. ನನ್ನ ಬಾಯಿ ತೆರೆಯಿತು, ದನಿ ಬರಲಿಲ್ಲ. ಹೆಂಗಸರು ಮುಂದೆ ನಿಂತು ಸಾಲು ಹೇಳಿದ್ದು ನಮ್ಮಲ್ಲಿ ಇರಲಿಲ್ಲ, ಅದೊಂದು ನೆಪ. ನಿಜವಾದ ಕಾರಣ, ನಲವತ್ತು ಜನರ ನಡುವೆ ಒಬ್ಬಳೇ ಕೇಳಿಸುವ ಹೆದರಿಕೆ. ಉಪದೇಶಿಗಳು ನನ್ನ ಕಡೆಗೇ ನೋಡುತ್ತಿದ್ದರು. ಆಮೇಲೆ ಶೋಧನೆಯ ಸಾಲು ಹೇಳಿದರು. ನಾನು ತಲೆ ತಗ್ಗಿಸಿ ಅದನ್ನು ತಿರುಗಿ ಹೇಳಿದೆ. ಅಂದು ನನ್ನ ಬಗ್ಗೆ ನನಗೆ ಹೇಸಿಗೆಯಾಯಿತು.

ಅದರ ಮುಂದಿನ ಭಾನುವಾರ ಹೇಳಿದೆ. ಹೇಗೆ ಹೇಳಿದೆನೋ ಗೊತ್ತಿಲ್ಲ. ಅವರು ನಿಂತ ಕೂಡಲೇ, ಕೆಮ್ಮುವುದಕ್ಕೂ ಮುಂಚೆ, ಕ್ಷಮೆಯ ಸಾಲನ್ನು ಶಾಲೆಯ ದನಿಯಲ್ಲಿ ಜೋರಾಗಿ ಹೇಳಿಬಿಟ್ಟೆ. ಒಂದು ಸಾಲು ಕೇಳಿದರೆ ತಿರುಗಿ ಹೇಳುವ ರೂಢಿಯಿದ್ದ ನಲವತ್ತು ಬಾಯಿಗಳು ಒಟ್ಟಿಗೆ ಅದನ್ನು ಹೇಳಿದವು. ಹಿಂದೆ ಹೇಳುತ್ತೇನೆ ಎಂದಿದ್ದ ಉಪದೇಶಿಗಳು ಬಾಯಿ ತೆರೆದರು. ಏನೂ ಬರಲಿಲ್ಲ. ಮತ್ತೊಮ್ಮೆ ಪ್ರಯತ್ನ ಮಾಡಿದರು. ಪುಸ್ತಕ ಮುಚ್ಚಿ ಮೇಜಿನ ಮೇಲಿಟ್ಟರು, ಹೆಗಲ ಮೇಲಿನ ಟವೆಲ್ ಸರಿ ಮಾಡಿಕೊಂಡರು, ನಡುವಿನ ದಾರಿಯಲ್ಲಿ ಹೊರಗೆ ನಡೆದರು.

ಸಭೆ ಮುಗಿದ ಮೇಲೆ ಉಪದೇಶಿಗಳು ಮೊದಲು ಹೋಗಿ ಬಾಗಿಲಲ್ಲಿ ನಿಲ್ಲುವುದು, ಉಳಿದವರು ಸಾಲಾಗಿ ಹೋಗಿ ಅವರ ಕೈ ಕುಲುಕುವುದು ನಮ್ಮ ಪದ್ಧತಿ. ಅವರು ನಡೆದರು, ಗಂಡಸರ ಮೊದಲ ಸಾಲು ಎದ್ದು ಹಿಂದೆ ನಡೆಯಿತು. ಎರಡನೆಯ ಸಾಲು ನಡೆಯಿತು. ಹೆಂಗಸರೂ ಎದ್ದರು. ಪ್ರಾರ್ಥನೆ ಅರ್ಧಕ್ಕೆ ನಿಂತಿದೆ ಎಂದು ಯಾರಿಗಾದರೂ ಎನಿಸಿತೋ ಇಲ್ಲವೋ. ಅವರು ಬಾಗಿಲಲ್ಲಿ ನಿಲ್ಲಲಿಲ್ಲ. ಮೆಟ್ಟಿಲಿಳಿದರು, ಓಣಿಗೆ ಬಂದರು, ಬಸ್ ಸ್ಟ್ಯಾಂಡಿನ ದಾರಿ ಹಿಡಿದರು. ಕೈ ಕುಲುಕಲು ಹೊರಟವರು ಕೈ ಕುಲುಕಲು ಸಿಗದೆ ಹಿಂದೆಯೇ ಹೋದರು. ನಾನೂ ಹೋದೆ, ಅವರ ಹೆಂಡತಿಯ ಕೈ ಹಿಡಿದುಕೊಂಡು. ಮಂದಿರದ ಎದುರು ಹೊಲಿಗೆ ಅಂಗಡಿ ಇಟ್ಟಿದ್ದ ಮುಸ್ಲಿಂ ಚಾಚಾ ಮಷೀನು ನಿಲ್ಲಿಸಿ ಹೊರಗೆ ಬಂದರು. ನಲವತ್ತು ಜನ ಮಾತಿಲ್ಲದೆ ನಡೆದದ್ದು ಕಂಡು, ಯಾರಾದರೂ ತೀರಿಕೊಂಡರೇ ಎಂದು ಮೆಲ್ಲಗೆ ವಿಚಾರಿಸಿದರು. ಗೊತ್ತಿಲ್ಲ, ಅಜ್ಜನ ಹಿಂದೆ ಹೊರಟಿದ್ದೇವೆ ಎಂದರು ನಮ್ಮವರೊಬ್ಬರು.

ಬಸ್ ಸ್ಟ್ಯಾಂಡಿನಲ್ಲಿ ಬಾಗಲಕೋಟೆಯ ಬಸ್ಸು ಹೊರಡಲು ನಿಂತಿತ್ತು. ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ಉಪದೇಶಿಗಳು ತಿರುಗಿ ನೋಡಿದರು. ಇಸ್ತ್ರಿ ಬಟ್ಟೆಯ ನಮ್ಮ ಹಿಂಡನ್ನು ಕಂಡು ಅವರಿಗೂ ದಿಕ್ಕು ತೋಚಲಿಲ್ಲ ಎನಿಸುತ್ತದೆ.

“ನೀವೆಲ್ಲಾ ಯಾಕ ಬಂದ್ರಿ?”

ಕಂಡಕ್ಟರ್, ಎಲ್ಲರೂ ಬರುವವರೇ ಎಂದು ಕೇಳಿದ. ನಮ್ಮಲ್ಲಿ ಇಬ್ಬರು ಜೇಬು ತಡಕಿಕೊಂಡದ್ದನ್ನು ನಾನು ಕಣ್ಣಾರೆ ಕಂಡೆ. ಉಪದೇಶಿಗಳು ಎರಡೂ ಕೈ ಬೀಸಿ, ಹೋಗಿ, ಅರ್ಧ ಬಿಟ್ಟು ಬಂದ ಪ್ರಾರ್ಥನೆ ಮುಗಿಸಿ ಎಂದರು. ಆಮೇಲೆ ನನ್ನನ್ನು ಹುಡುಕಿ ನೋಡಿದರು.

“ನೀ ಶುರು ಮಾಡೀದಿ, ನೀನ ಮುಗಸು.”

ಬಸ್ಸು ಹೋಯಿತು. ನಾವು ಬಂದ ದಾರಿಯಲ್ಲೇ ತಿರುಗಿ ಹೋದೆವು. ಮಂದಿರ ಸೇರುವ ಹೊತ್ತಿಗೆ ಇಪ್ಪತ್ತು ಜನ ಉಳಿದಿದ್ದರು. ನಾನು ಮುಂದೆ ನಿಂತು ಶೋಧನೆಯ ಸಾಲಿನಿಂದ ಕೊನೆಯವರೆಗೆ ಹೇಳಿದೆ, ಅವರು ತಿರುಗಿ ಹೇಳಿದರು. ಒಬ್ಬ ಹಿರಿಯರು ಹೊರಡುವಾಗ, ಚಲೋ ಆತವ್ವ ಎಂದರು. ಇನ್ನೊಬ್ಬರು ಮುಖ ತಿರುಗಿಸಿ ಹೋದರು. ಇಬ್ಬರದೂ ನ್ಯಾಯ ಎನಿಸಿತು. ನಾನು ಅವರಿಗೆ ನೆರವಾದೆನೋ, ಎಲ್ಲರ ಮುಂದೆ ಅವರ ಮಾನ ಕಳೆದೆನೋ ಎಂದು ಎಷ್ಟು ತೂಗಿದರೂ ತಕ್ಕಡಿ ಒಂದು ಕಡೆ ನಿಲ್ಲಲಿಲ್ಲ.

ಅವರು ಬಂದದ್ದು ಮರುದಿನ ಬೆಳಗಿನ ಬಸ್ಸಿಗೆ. ಶಾಲೆಗೆ ಹೋಗುವ ಮುಂಚೆ ಓಡಿಕೊಂಡು ಹೋಗಿ ನೋಡಿದೆ. ಆಗಲೇ ಮಗ್ಗದಲ್ಲಿ ಕೂತಿದ್ದರು. ಮೊದಲು, ತಪ್ಪಾಯಿತು ಎಂದು ಕಾಲು ಮುಟ್ಟಲು ಹೋದೆ. ಕಾಲು ಕುಣಿಯೊಳಗಿತ್ತು, ಸಿಗಲಿಲ್ಲ. ಅವರು ನಗಲಿಲ್ಲ. ಏನಾಯಿತು ಎಂದು ಕೇಳಿದೆ. ತಮ್ಮ ಬಾಗಿಲು ತೆರೆದ, ಇಬ್ಬರೂ ಮಾತಾಡಲಿಲ್ಲ, ಅವನ ಹೆಂಡತಿ ಊಟಕ್ಕೆ ಎಡೆ ಮಾಡಿದಳು, ಕೂತು ಉಂಡೆವು ಎಂದರು. ಸಂಜೆ ಇಬ್ಬರೂ ಹೋಗಿ ನೀರಿನ ದಂಡೆಯಲ್ಲಿ ಕೂತರಂತೆ. ಅವ್ವ ಎಲ್ಲಿರಬಹುದು ಎಂದು ತಮ್ಮ ಕೈ ಮಾಡಿ ತೋರಿಸಿದನಂತೆ. ಅಲ್ಲಲ್ಲ, ಅದಕ್ಕಿಂತ ಬಲಕ್ಕೆ ಎಂದು ಇವರು ಹೇಳಿದರಂತೆ. ಅಷ್ಟು ಬಿಟ್ಟರೆ ಬೇರೆ ಮಾತು ಇಲ್ಲ.

“ಹಂಗಾರ ಕ್ಷಮಾ ಮಾಡಿ ಬಂದ್ರೇನ್ರಿ?”

“ಅದು ನನಗ ಗೊತ್ತಿಲ್ಲ ಯವ್ವಾ,” ಎಂದರು. “ಉಂಡು ಬಂದೀನಿ. ಇನ್ನ ನೀ ಮುಂದ ಹೇಳು, ನಾ ಹಿಂದ ಹೇಳತೇನಿ. ಹೇಳ್ತ ಹೇಳ್ತ ಆದ್ರ ಆಗಲಿ.”

ಆಗುವುದಿಲ್ಲ ಎಂದೆ. ನನಗೆ ಮುಂದೆ ನಿಲ್ಲುವ ಯೋಗ್ಯತೆ ಇಲ್ಲ ಎಂದೆ. ನನಗೂ ಇಲ್ಲ ಎಂದು ಹೇಳಿ ಅವರು ಲಾಳಿ ಎಸೆಯತೊಡಗಿದರು. ಮಗ್ಗದ ಸದ್ದಿನಲ್ಲಿ ನನ್ನ ಮಾತು ಅವರಿಗೆ ಕೇಳಿಸಲಿಲ್ಲ, ಇಲ್ಲವೇ ಕೇಳಿಸಿಕೊಳ್ಳಲಿಲ್ಲ.

ಮುಂದಿನ ಭಾನುವಾರ ಅವರು ಬಂದು ಗಂಡಸರ ಮೂರನೆಯ ಸಾಲಿನಲ್ಲಿ, ಕಂಬದ ಪಕ್ಕ ಕೂತುಬಿಟ್ಟರು. ಮುಂದಿನ ಮೇಜಿನ ಹತ್ತಿರ ಯಾರೂ ಇಲ್ಲ. ಎಲ್ಲರೂ ಅವರನ್ನು ನೋಡಿದರು, ಅವರು ನನ್ನನ್ನು ನೋಡಿದರು, ಆಗ ಎಲ್ಲರೂ ನನ್ನನ್ನು ನೋಡಿದರು. ಎದ್ದು ಹೋದೆ. ಹಾಡುಗಳು ಹೇಗೋ ಆದವು, ಓದುವುದೂ ಆಯಿತು. ಪ್ರಾರ್ಥನೆ ಶುರು ಮಾಡಿದೆ. ಒಂದೊಂದು ಸಾಲು ಹೇಳುವಾಗಲೂ ಆ ಕಂಬದ ಕಡೆಯಿಂದ ಅವರ ದೊಡ್ಡ ದನಿ ಎಲ್ಲರ ದನಿಯ ಕೆಳಗೆ ಕೇಳುತ್ತಿತ್ತು. ಹಿಂದೆ ಹೇಳುವುದು ಅವರಿಗೆ ರೂಢಿ ಕಡಿಮೆ, ಸ್ವಲ್ಪ ತಡವಾಗುತ್ತಿತ್ತು.

ಅನ್ನದ ಸಾಲು ಮುಗಿಯಿತು. ಅಲ್ಲಿ ನಿಲ್ಲದೆ ಮುಂದೆ ಹೋಗಬೇಕೆಂದು ಮನೆಯಲ್ಲಿ ಹತ್ತು ಸಲ ಹೇಳಿ ನೋಡಿಕೊಂಡು ಬಂದಿದ್ದೆ. ಆದರೂ ನಿಂತೆ. ನಾನು ಹೇಳಿ, ನಲವತ್ತು ಜನ ಹೇಳಿ, ಅವರೊಬ್ಬರೇ ಮತ್ತೆ ಬಾಯಿ ತೆರೆದು ಉಳಿದುಬಿಟ್ಟರೆ ಎಂಬ ಯೋಚನೆ ಆ ಹೊತ್ತಿನಲ್ಲೇ ಬರಬೇಕೇ? ಎಂಟು ತಿಂಗಳು ಅವರು ಇಲ್ಲಿ ನಿಂತದ್ದು ಹೀಗೆಯೇ ಎಂಬುದು ಅಲ್ಲಿ ನಿಂತ ಮೇಲೆ ತಿಳಿಯಿತು. ಎಲ್ಲರೂ ಕಣ್ಣು ಮುಚ್ಚಿ ನನ್ನ ದಾರಿ ನೋಡುತ್ತಿದ್ದರು.

ಆಗ ಕಂಬದ ಹತ್ತಿರದಿಂದ ಅವರ ದನಿ ಬಂತು. ಸಾಲನ್ನು ಎರಡು ಕಡೆ ತಡವರಿಸಿ, ನಡುವೆ ಉಸಿರು ತೆಗೆದುಕೊಂಡು, ಕೊನೆಯ ಮಾತಿನವರೆಗೂ ಹೇಳಿದರು. ಅವರ ಹಿಂದೆ ಎಲ್ಲರೂ ಹೇಳಿದರು. ಮುಂದೆ ನಿಂತಿದ್ದ ನಾನೂ ಅವರ ಹಿಂದೆ ಹೇಳಿದೆ. ಆಮೇಲೆ ಮುಂದಿನ ಸಾಲನ್ನು ಇಬ್ಬರಲ್ಲಿ ಯಾರು ಹೇಳಬೇಕೆಂಬುದು ಅವರಿಗೂ ತಿಳಿಯಲಿಲ್ಲ, ನನಗೂ ತಿಳಿಯಲಿಲ್ಲ. ಒಬ್ಬರ ಮುಖ ಒಬ್ಬರು ನೋಡಿದೆವು.